ಸ್ಟಿರಾಯ್ಡ್ ಬಳಸುವವರ ರಕ್ತದಲ್ಲಿ ಪ್ರೋಟೀನ್ ಕಡಿಮೆ ಬಂದರೆ: ವರದಿಯನ್ನು ಹಂತಹಂತವಾಗಿ ಓದುವ ಕ್ರಮ

ದಿನಕ್ಕೆ ಹತ್ತು ಮೊಟ್ಟೆಯ ಬಿಳಿಭಾಗ, ಅರ್ಧ ಕಿಲೋ ಕೋಳಿಮಾಂಸ, ಎರಡು ಸ್ಕೂಪ್ ವ್ಹೇ ಪುಡಿ ತಿನ್ನುವ ದೇಹದಾರ್ಢ್ಯಪಟುವಿನ ರಕ್ತಪರೀಕ್ಷೆಯಲ್ಲಿ ‘ಟೋಟಲ್ ಪ್ರೋಟೀನ್’ ಎಂಬ ಸಾಲಿನ ಎದುರು ‘ಲೋ’ ಎಂಬ ಗುರುತು ಬಿದ್ದಿದ್ದರೆ, ಜಿಮ್‌ನಲ್ಲಿ ಅವನಿಗೆ ಸಿಗುವ ಮೊದಲ ಸಲಹೆ ಇನ್ನೊಂದು ಸ್ಕೂಪ್ ಹೆಚ್ಚಿಸು ಎಂಬುದೇ ಆಗಿರುತ್ತದೆ. ಈ ಸಲಹೆ ಬಹುತೇಕ ಸಂದರ್ಭಗಳಲ್ಲಿ ತಪ್ಪು. ಕೆಲವು ಸಂದರ್ಭಗಳಲ್ಲಿ ಅಪಾಯಕಾರಿಯೂ ಹೌದು. ರಕ್ತದಲ್ಲಿ ಅಳೆಯುವ ಪ್ರೋಟೀನಿನ ಬಹುಭಾಗವನ್ನು ತಯಾರಿಸುವುದು ಯಕೃತ್ತು, ಅದು ಮೂತ್ರದೊಂದಿಗೆ ಹರಿದುಹೋಗದಂತೆ ತಡೆಯುವುದು ಮೂತ್ರಪಿಂಡ. ಸ್ನಾಯು ಬೆಳೆಸಲೆಂದು ಬಳಸುವ ಅನಬಾಲಿಕ್ ಸ್ಟಿರಾಯ್ಡ್‌ಗಳು ಹಾನಿ ಮಾಡಬಲ್ಲ ಅಂಗಗಳಲ್ಲಿ ಇವೆರಡೂ ಸೇರಿವೆ. ಆದ್ದರಿಂದ ವರದಿ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಏನು ತಿನ್ನಬೇಕು’ ಎಂಬುದಕ್ಕಿಂತ ಮೊದಲು ‘ಇದ್ದದ್ದು ಎಲ್ಲಿಗೆ ಹೋಯಿತು’ ಎಂಬುದು.

ಈ ಲೇಖನ ಸ್ಟಿರಾಯ್ಡ್ ಬಳಸುತ್ತಿರುವವರಿಗೆ, ಬಳಸಿ ಬಿಟ್ಟವರಿಗೆ ಮತ್ತು ಅವರ ಮನೆಯವರಿಗಾಗಿ ಬರೆದದ್ದು. ಇದನ್ನು ಓದಿ ಸ್ವಂತ ಚಿಕಿತ್ಸೆ ಮಾಡಿಕೊಳ್ಳುವುದಕ್ಕಾಗುವುದಿಲ್ಲ. ಯಾವ ವೈದ್ಯರ ಬಳಿಗೆ, ಎಷ್ಟು ಬೇಗ, ಯಾವ ಕಾಗದಗಳನ್ನು ಹಿಡಿದುಕೊಂಡು ಹೋಗಬೇಕೆಂಬುದನ್ನು ತಿಳಿದುಕೊಳ್ಳಬಹುದು.

ಮೊದಲ ಹಂತ: ಮೂರು ಸಾಲುಗಳನ್ನು ಬೇರೆಬೇರೆಯಾಗಿ ನೋಡಿ

‘ಲಿವರ್ ಫಂಕ್ಷನ್ ಟೆಸ್ಟ್’ ಎಂಬ ಹೆಸರಿನಡಿ ಬರುವ ವರದಿಯಲ್ಲಿ ಪ್ರೋಟೀನಿಗೆ ಸಂಬಂಧಿಸಿದಂತೆ ಮೂರು ಅಂಕಿಗಳೂ ಆಲ್ಬುಮಿನ್–ಗ್ಲಾಬ್ಯುಲಿನ್‌ಗಳ ಒಂದು ಅನುಪಾತವೂ ಇರುತ್ತವೆ. ಒಟ್ಟು ಪ್ರೋಟೀನ್ ಸಾಮಾನ್ಯವಾಗಿ ಡೆಸಿಲೀಟರಿಗೆ 6ರಿಂದ 8.3 ಗ್ರಾಂ, ರಕ್ತದ ಮುಖ್ಯ ಪ್ರೋಟೀನಾದ ಆಲ್ಬುಮಿನ್ 3.5ರಿಂದ 5 ಗ್ರಾಂ, ಉಳಿದ ಪ್ರೋಟೀನ್‌ಗಳ ಗುಂಪಾದ ಗ್ಲಾಬ್ಯುಲಿನ್ 2ರಿಂದ 3.5 ಗ್ರಾಂ ಇರಬೇಕು. ಈ ಮಿತಿಗಳು ಲ್ಯಾಬಿನಿಂದ ಲ್ಯಾಬಿಗೆ ತುಸು ಬದಲಾಗುವುದರಿಂದ ನಿಮ್ಮ ವರದಿಯಲ್ಲೇ ಮುದ್ರಿಸಿರುವ ಮಿತಿಯನ್ನು ಅನುಸರಿಸಿ. ಗ್ಲಾಬ್ಯುಲಿನನ್ನು ಬಹುತೇಕ ಲ್ಯಾಬುಗಳು ನೇರವಾಗಿ ಅಳೆಯುವುದಿಲ್ಲ, ಒಟ್ಟು ಪ್ರೋಟೀನಿನಿಂದ ಆಲ್ಬುಮಿನನ್ನು ಕಳೆದು ಬರೆಯುತ್ತವೆ. ಹಾಗಾಗಿ ಆಲ್ಬುಮಿನ್ ಅಳತೆಯಲ್ಲಿ ಆದ ಎಡವಟ್ಟು ಗ್ಲಾಬ್ಯುಲಿನ್‌ನಲ್ಲೂ ಅನುಪಾತದಲ್ಲೂ ಕಾಣಿಸಿಕೊಳ್ಳುತ್ತದೆ.

ಆಲ್ಬುಮಿನ್ ಮಾತ್ರ ಇಳಿದಿದ್ದರೆ ಯೋಚನೆ ಯಕೃತ್ತು, ಮೂತ್ರಪಿಂಡ ಮತ್ತು ಉರಿಯೂತದ ಕಡೆಗೆ ಹೋಗಬೇಕು. ಆಲ್ಬುಮಿನ್ ಇಳಿದು ಗ್ಲಾಬ್ಯುಲಿನ್ ಏರಿದ್ದರೆ ದೀರ್ಘಕಾಲದ ಯಕೃತ್ತಿನ ಕಾಯಿಲೆ ಅಥವಾ ದೀರ್ಘಕಾಲದ ಸೋಂಕನ್ನು ಶಂಕಿಸಬೇಕು. ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ತಗ್ಗಿದ್ದರೆ ರಕ್ತದಲ್ಲಿ ನೀರು ಹೆಚ್ಚಿ ತೆಳುವಾಗಿರಬಹುದು, ಇಲ್ಲವೇ ಕರುಳಿನ ಮೂಲಕ ಪ್ರೋಟೀನ್ ನಷ್ಟವಾಗುತ್ತಿರಬಹುದು. ಒಟ್ಟು ಪ್ರೋಟೀನ್ ಸರಿಯಿದೆ ಎಂದು ನೆಮ್ಮದಿಯಾಗಿ ಕೂರುವುದೂ ಸಲ್ಲದು: ಏರಿದ ಗ್ಲಾಬ್ಯುಲಿನ್ ಇಳಿದ ಆಲ್ಬುಮಿನನ್ನು ಮರೆಮಾಚಿ ಒಟ್ಟು ಅಂಕಿಯನ್ನು ಮಿತಿಯೊಳಗೇ ಇಟ್ಟುಬಿಡುತ್ತದೆ.

ಎರಡನೆಯ ಹಂತ: ಪರೀಕ್ಷೆಯೇ ಸರಿಯಾಗಿ ನಡೆದಿತ್ತೇ?

ಆಲ್ಬುಮಿನ್ 3.3 ಅಥವಾ 3.4ಕ್ಕೆ ಬಂದಂಥ ಸಣ್ಣ ಇಳಿಕೆಗೆ ಗಾಬರಿಯಾಗುವ ಮೊದಲು ರಕ್ತ ಕೊಟ್ಟ ಸಂದರ್ಭವನ್ನು ನೆನಪಿಸಿಕೊಳ್ಳಿ. ಮಲಗಿದ್ದಾಗ ತೆಗೆದ ರಕ್ತದಲ್ಲಿ ಪ್ರೋಟೀನ್, ನಿಂತಿದ್ದು ಕೊಟ್ಟ ರಕ್ತಕ್ಕಿಂತ ಶೇ 5ರಿಂದ 10ರಷ್ಟು ಕಡಿಮೆ ಇರಬಲ್ಲದು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡ ದಿನವೇ, ಅದರಲ್ಲೂ ಅದೇ ಕೈಯಿಂದ ರಕ್ತ ತೆಗೆದಿದ್ದರೆ ಆ ವರದಿಗೆ ಬೆಲೆಯಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸ್ಪರ್ಧೆಗೆಂದು ನೀರು ಬಿಟ್ಟು, ಮೂತ್ರವರ್ಧಕ ಮಾತ್ರೆ ನುಂಗಿ ಮೈ ಒಣಗಿಸಿಕೊಂಡವರಲ್ಲಿ ಆಲ್ಬುಮಿನ್ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಅಂಥ ಸ್ಥಿತಿಯಲ್ಲೂ ಅಂಕಿ ಕಡಿಮೆ ಬಂದಿದ್ದರೆ ನಿಜವಾದ ಮಟ್ಟ ಇನ್ನೂ ಕೆಳಗಿದೆ ಎಂದೇ ಅರ್ಥ.

ಮರುಪರೀಕ್ಷೆಗೆ ಹೋಗುವಾಗ ಎರಡು ದಿನ ಭಾರ ಎತ್ತುವ ವ್ಯಾಯಾಮ ಬಿಟ್ಟು, ಎಂದಿನಂತೆ ನೀರು ಕುಡಿದು, ಹದಿನೈದು ನಿಮಿಷ ಕುರ್ಚಿಯಲ್ಲಿ ಕುಳಿತ ಬಳಿಕ, ಸಾಧ್ಯವಾದರೆ ಮೊದಲು ಕೊಟ್ಟ ಲ್ಯಾಬಿನಲ್ಲೇ ರಕ್ತ ಕೊಡಿ. ಆಲ್ಬುಮಿನ್ ಅಳೆಯಲು ಬೇರೆಬೇರೆ ಲ್ಯಾಬುಗಳು ಬೇರೆಬೇರೆ ಬಣ್ಣದ ರಾಸಾಯನಿಕ ಬಳಸುತ್ತವೆ, ಅವುಗಳಲ್ಲಿ ಒಂದು ವಿಧಾನ ಕಡಿಮೆ ಮಟ್ಟದ ಆಲ್ಬುಮಿನನ್ನು ಕೊಂಚ ಹೆಚ್ಚಾಗಿ ತೋರಿಸುವ ಸ್ವಭಾವದ್ದು. ಆದರೆ ಅಂಕಿ 3ಕ್ಕಿಂತ ಕೆಳಗಿದ್ದರೆ, ಇಲ್ಲವೇ ಕಾಲು ಊದಿದ್ದರೆ, ಮರುಪರೀಕ್ಷೆಯ ನೆಪದಲ್ಲಿ ದಿನ ತಳ್ಳಬೇಡಿ. ಅದನ್ನು ವೈದ್ಯರೇ ಮಾಡಿಸುತ್ತಾರೆ.

ಮೂರನೆಯ ಹಂತ: ಸ್ಟಿರಾಯ್ಡ್ ನೇರವಾಗಿ ಯಾವುದನ್ನು ಇಳಿಸುತ್ತದೆ, ಯಾವುದನ್ನು ಇಳಿಸುವುದಿಲ್ಲ

ಟೆಸ್ಟೋಸ್ಟಿರೋನ್ ಮತ್ತು ಅದರ ಬಳಗದ ಔಷಧಗಳು ದೇಹದಲ್ಲಿ ಪ್ರೋಟೀನ್ ಕಟ್ಟುವ ಕೆಲಸವನ್ನು ಚುರುಕುಗೊಳಿಸುತ್ತವೆ. ಯಕೃತ್ತಿನ ಕೆಲವು ಪ್ರೋಟೀನ್‌ಗಳು ಇವುಗಳಿಂದ ಏರುತ್ತವೆ ಕೂಡ. ವಂಶಪಾರಂಪರ್ಯವಾಗಿ ಮುಖ, ಗಂಟಲು ಊದಿಕೊಳ್ಳುವ ಒಂದು ಕಾಯಿಲೆಯಲ್ಲಿ ಕೊರತೆಯಾದ ಪ್ರೋಟೀನನ್ನು ಹೆಚ್ಚಿಸಲು ಸ್ಟಾನೊಜೊಲೋಲ್, ಡಾನಜೋಲ್‌ಗಳನ್ನು ವೈದ್ಯರು ಬಳಸಿದ್ದು ಇದೇ ಗುಣದ ಆಧಾರದಲ್ಲಿ. ಹೀಗಿರುವಾಗ ‘ಸೈಕಲ್‌ನಲ್ಲಿದ್ದೇನೆ (ಸ್ಟಿರಾಯ್ಡ್ ಕೋರ್ಸ್ ನಡೆಯುತ್ತಿದೆ), ಆಲ್ಬುಮಿನ್ ಇಳಿಯುವುದು ಸಹಜ’ ಎಂಬ ಸಮಾಧಾನಕ್ಕೆ ಆಧಾರವಿಲ್ಲ.

ನೇರವಾಗಿ ಇಳಿಯುವುದು ಬೇರೆ ಎರಡು. ಲೈಂಗಿಕ ಹಾರ್ಮೋನ್‌ಗಳನ್ನು ಹೊತ್ತು ತಿರುಗುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನ್ ಸ್ಟಿರಾಯ್ಡ್ ಬಳಕೆಯಲ್ಲಿ, ಅದರಲ್ಲೂ ಬಾಯಿಯ ಮೂಲಕ ತೆಗೆದುಕೊಳ್ಳುವವುಗಳಲ್ಲಿ, ಪಾತಾಳಕ್ಕೆ ಇಳಿಯುತ್ತದೆ. ಥೈರಾಯ್ಡ್ ಹಾರ್ಮೋನನ್ನು ಹೊರುವ ಗ್ಲಾಬ್ಯುಲಿನ್ ಕೂಡ ತಗ್ಗುತ್ತದೆ. ಆದ್ದರಿಂದ ಥೈರಾಯ್ಡ್ ಪರೀಕ್ಷೆಯಲ್ಲಿ ಒಟ್ಟು ಟಿ4 ಕಡಿಮೆ ತೋರಿಸಿ, ಫ್ರೀ ಟಿ4 ಮತ್ತು ಟಿಎಸ್‌ಎಚ್ ಸರಿಯಾಗಿರಬಹುದು. ಇಷ್ಟನ್ನೇ ನೋಡಿ ಥೈರಾಯ್ಡ್ ಮಾತ್ರೆ ಶುರುಮಾಡುವುದು ಅನವಶ್ಯಕ. ಈ ಎರಡೂ ಪ್ರೋಟೀನ್‌ಗಳು ರಕ್ತದಲ್ಲಿರುವುದು ಅತ್ಯಲ್ಪ ಪ್ರಮಾಣದಲ್ಲಿ. ಅವು ಪೂರ್ತಿ ಮಾಯವಾದರೂ ಒಟ್ಟು ಪ್ರೋಟೀನಿನ ಅಂಕಿ ಅಲುಗುವುದಿಲ್ಲ. ಇನ್ನೊಂದು ಮಾತು: ಲೆಕ್ಕಹಾಕಿ ಬರೆಯುವ ‘ಫ್ರೀ ಟೆಸ್ಟೋಸ್ಟಿರೋನ್’ ಅಂಕಿಗೆ ಆಲ್ಬುಮಿನ್ ಮಟ್ಟ ಬೇಕು. ಅದನ್ನು ಕೊಡದಿದ್ದರೆ ಸೂತ್ರವು 4.3 ಎಂದು ಊಹಿಸಿಕೊಳ್ಳುವುದು ರೂಢಿ. ಆಲ್ಬುಮಿನ್ ನಿಜಕ್ಕೂ ತುಂಬಾ ಕಡಿಮೆ ಇರುವವರು ಆ ಅಂಕಿಯನ್ನು ನಂಬುವಂತಿಲ್ಲ.

ಪರೋಕ್ಷವಾಗಿ ಆಗುವುದು ನೀರಿನ ಶೇಖರಣೆ. ಟೆಸ್ಟೋಸ್ಟಿರೋನ್, ಮೆಥಾಂಡಿಯೆನೋನ್, ಆಕ್ಸಿಮೆಥೊಲೋನ್ ಮುಂತಾದವುಗಳ ಮೇಲಿರುವಾಗ ಉಪ್ಪು-ನೀರು ದೇಹದಲ್ಲಿ ನಿಂತು ಕೆಲವೇ ವಾರಗಳಲ್ಲಿ ತೂಕ ಏರುತ್ತದೆ, ಮುಖ ತುಂಬಿಕೊಳ್ಳುತ್ತದೆ. ರಕ್ತ ತೆಳುವಾಗಿ ಆಲ್ಬುಮಿನ್ ಸ್ವಲ್ಪ ಇಳಿಯಬಹುದು. ಸ್ವಲ್ಪ ಎಂಬುದನ್ನು ಒತ್ತಿ ಹೇಳಬೇಕು: 4.2 ಇದ್ದದ್ದು 2.8ಕ್ಕೆ ಬಂದಿದ್ದರೆ ಅದಕ್ಕೆ ನೀರಿನ ನೆಪ ಸಾಲದು.

ನಾಲ್ಕನೆಯ ಹಂತ: ಮೂತ್ರವನ್ನು ಪರೀಕ್ಷಿಸಿ, ಇದನ್ನು ಮಾತ್ರ ಬಿಡಬೇಡಿ

ಪ್ರೋಟೀನ್ ಕಡಿಮೆ ಎಂಬ ವರದಿ ಹಿಡಿದು ಬಂದವರಲ್ಲಿ ಹಲವರು ಸಾವಿರಾರು ರೂಪಾಯಿಯ ಹಾರ್ಮೋನ್ ಪರೀಕ್ಷೆಗಳನ್ನು ಮಾಡಿಸಿರುತ್ತಾರೆ, ಆದರೆ ಎಲ್ಲಕ್ಕಿಂತ ಅಗ್ಗದ ಮೂತ್ರಪರೀಕ್ಷೆಯನ್ನೇ ಮಾಡಿಸಿರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ಇಡೀ ವಿಷಯದಲ್ಲಿ ಅತ್ಯಂತ ಹೆಚ್ಚು ಮಾಹಿತಿ ಕೊಡುವುದು ಆ ಒಂದು ಪುಟ್ಟ ಡಬ್ಬಿಯೇ.

ಮೂತ್ರಪಿಂಡದೊಳಗೆ ಲಕ್ಷಾಂತರ ಸೂಕ್ಷ್ಮ ರಕ್ತನಾಳದ ಗೊಂಚಲುಗಳಿದ್ದು, ಅವು ಜರಡಿಯಂತೆ ನೀರು ಮತ್ತು ಕಲ್ಮಶವನ್ನು ಮಾತ್ರ ಕೆಳಗಿಳಿಸಿ ಪ್ರೋಟೀನನ್ನು ಮೇಲೆಯೇ ಉಳಿಸಿಕೊಳ್ಳುತ್ತವೆ. ಅನಬಾಲಿಕ್ ಸ್ಟಿರಾಯ್ಡ್‌ಗಳನ್ನು ವರ್ಷಗಟ್ಟಲೆ ಬಳಸಿದವರಲ್ಲಿ ಈ ಗೊಂಚಲುಗಳು ಅಲ್ಲಲ್ಲಿ ಗಾಯದ ಕಲೆಯಂತೆ ಗಟ್ಟಿಯಾಗುವ ಕಾಯಿಲೆ ದಾಖಲಾಗಿದೆ. ವೈದ್ಯರು ಇದನ್ನು ಎಫ್‌ಎಸ್‌ಜಿಎಸ್ ಎನ್ನುತ್ತಾರೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ತಜ್ಞರು 2010ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ದೀರ್ಘಕಾಲ ಸ್ಟಿರಾಯ್ಡ್ ಬಳಸಿ ಮೂತ್ರದಲ್ಲಿ ಪ್ರೋಟೀನ್ ಕಳೆದುಕೊಳ್ಳುತ್ತಿದ್ದ ಹತ್ತು ಮಂದಿ ದೇಹದಾರ್ಢ್ಯಪಟುಗಳ ಮೂತ್ರಪಿಂಡದ ಬಯಾಪ್ಸಿ (ಅಂಗಾಂಶದ ತುಣುಕು ತೆಗೆದು ಮಾಡುವ ಪರೀಕ್ಷೆ) ವಿವರಗಳಿವೆ. ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಕಂಡದ್ದು ಎಫ್‌ಎಸ್‌ಜಿಎಸ್. ಅವರು ದಿನವೊಂದಕ್ಕೆ ಮೂತ್ರದಲ್ಲಿ ಕಳೆದುಕೊಳ್ಳುತ್ತಿದ್ದ ಪ್ರೋಟೀನ್ ಸರಾಸರಿ 10 ಗ್ರಾಂ. ಹೀಗಿದ್ದೂ ಊತ, ಇಳಿದ ಆಲ್ಬುಮಿನ್, ಏರಿದ ಕೊಬ್ಬು ಎಲ್ಲ ಸೇರಿದ ‘ನೆಫ್ರಾಟಿಕ್ ಸಿಂಡ್ರೋಮ್’ ಪೂರ್ಣರೂಪದಲ್ಲಿ ಇದ್ದದ್ದು ಮೂವರಲ್ಲಿ ಮಾತ್ರ. ಅಂದರೆ ಮೂತ್ರದಲ್ಲಿ ಬಹಳಷ್ಟು ಪ್ರೋಟೀನ್ ಹೋಗುತ್ತಿದ್ದರೂ ರಕ್ತದ ಅಂಕಿ ಬಹುಕಾಲ ಸರಿಯಾಗಿಯೇ ಕಾಣಬಹುದು. ರಕ್ತದಲ್ಲಿ ಕಡಿಮೆಯಾಗಿ ಕಾಣಿಸಿಕೊಂಡಾಗ ತಡವಾಗಿರುವ ಸಾಧ್ಯತೆಯೂ ಇದೆ. ಔಷಧ, ಹೆಚ್ಚಿದ ದೇಹತೂಕ, ಏರಿದ ರಕ್ತದೊತ್ತಡ ಇವು ಒಟ್ಟಾಗಿ ಮೂತ್ರಪಿಂಡದ ಮೇಲೆ ಹೊರೆ ಹೇರುತ್ತವೆ ಎಂಬುದು ಆ ತಜ್ಞರ ವಿವರಣೆ.

ಮನೆಯಲ್ಲೇ ಗಮನಿಸಬಹುದಾದ ಲಕ್ಷಣಗಳಿವೆ. ಮೂತ್ರದ ನೊರೆ ನೀರು ಹಾಕಿದ ಮೇಲೂ ಕಮೋಡಿನಲ್ಲಿ ಉಳಿದಿದ್ದರೆ, ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಗಳು ಊದಿ ಮಧ್ಯಾಹ್ನದ ಹೊತ್ತಿಗೆ ಇಳಿಯುತ್ತಿದ್ದರೆ, ಸಂಜೆ ಕಾಲುಚೀಲ ಬಿಚ್ಚಿದಾಗ ಅದರ ಪಟ್ಟಿಯ ಗುರುತು ಆಳವಾಗಿ ಮೂಡಿದ್ದರೆ ಸಂಶಯಪಡಬೇಕು. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ತೆಗೆಯಿರಿ. ಗುಳಿ ಉಳಿದುಕೊಂಡರೆ ಚರ್ಮದಡಿ ನೀರು ಸೇರಿದೆ. ಜಿಮ್‌ನಲ್ಲಿ ಇದನ್ನೆಲ್ಲ ‘ವಾಟರ್ ರಿಟೆನ್ಷನ್’ ಎಂಬ ಒಂದೇ ಹೆಸರಿನಲ್ಲಿ ಮುಗಿಸಿಬಿಡುತ್ತಾರೆ.

ಮಾಡಿಸಬೇಕಾದ್ದು ಸಾಮಾನ್ಯ ಮೂತ್ರಪರೀಕ್ಷೆ ಮತ್ತು ಮೂತ್ರದ ಪ್ರೋಟೀನ್–ಕ್ರಿಯೇಟಿನಿನ್ ಅನುಪಾತ ಅಥವಾ ಆಲ್ಬುಮಿನ್–ಕ್ರಿಯೇಟಿನಿನ್ ಅನುಪಾತ. ಕ್ರಿಯೇಟಿನಿನ್ ಎಂಬುದು ಸ್ನಾಯುವಿನಿಂದ ಬರುವ ತ್ಯಾಜ್ಯ. ಆಲ್ಬುಮಿನ್–ಕ್ರಿಯೇಟಿನಿನ್ ಅನುಪಾತ ಒಂದು ಗ್ರಾಂ ಕ್ರಿಯೇಟಿನಿನ್‌ಗೆ 30 ಮಿಲಿಗ್ರಾಂ ಒಳಗಿರಬೇಕು. 300 ದಾಟಿದರೆ ಸೋರಿಕೆ ಗಣನೀಯ. ಬೆಳಗಿನ ಮೊದಲ ಮೂತ್ರ ಉತ್ತಮ. ಕಠಿಣ ವ್ಯಾಯಾಮದ ನಂತರ ಒಂದೆರಡು ದಿನ ಆರೋಗ್ಯವಂತರ ಮೂತ್ರದಲ್ಲೂ ಪ್ರೋಟೀನ್ ಕಾಣಿಸಿಕೊಳ್ಳುವುದರಿಂದ ವಿಶ್ರಾಂತಿಯ ಬಳಿಕವೇ ಕೊಡಿ. ಸ್ನಾಯು ತುಂಬಿದವರಿಗೆ ಇಲ್ಲೊಂದು ಸೂಕ್ಷ್ಮವಿದೆ: ಅವರ ಮೂತ್ರದಲ್ಲಿ ಕ್ರಿಯೇಟಿನಿನ್ ಹೆಚ್ಚು ಇರುವುದರಿಂದ ಈ ಅನುಪಾತಗಳು ನಿಜವಾದ ಸೋರಿಕೆಯನ್ನು ಕಡಿಮೆಯಾಗಿ ತೋರಿಸುತ್ತವೆ. ಸಂಶಯವಿದ್ದಲ್ಲಿ ವೈದ್ಯರು 24 ಗಂಟೆಯ ಮೂತ್ರ ಸಂಗ್ರಹಿಸಲು ಹೇಳುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಬರುವ ಮೂತ್ರವನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲ ಮೂತ್ರದವರೆಗೆ ಎಲ್ಲವನ್ನೂ ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲಿ ಹಿಡಿಯಬೇಕು. ನಡುವೆ ಒಂದು ಸಲ ಹೊರಗೆ ಹೋದರೂ ಲೆಕ್ಕ ತಪ್ಪುತ್ತದೆ. ದಿನಕ್ಕೆ 3.5 ಗ್ರಾಂ ದಾಟಿದ ಸೋರಿಕೆ ನೆಫ್ರಾಟಿಕ್ ಮಟ್ಟದ್ದು.

ರಕ್ತದ ಕ್ರಿಯೇಟಿನಿನ್ 1.4 ಬಂದಾಗ ‘ಮಸಲ್ ಜಾಸ್ತಿ ಇದೆ, ಅದಕ್ಕೇ’ ಎಂಬ ವಿವರಣೆ ನಿಜವೂ ಆಗಿರಬಹುದು, ಮೋಸವೂ ಆಗಿರಬಹುದು. ಸ್ನಾಯುವಿನ ಗಾತ್ರದಿಂದ ಅಷ್ಟಾಗಿ ಬದಲಾಗದ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಈ ಗೊಂದಲವನ್ನು ಬಹುಮಟ್ಟಿಗೆ ಬಿಡಿಸುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದ್ದರೆ ಮಾತ್ರ ಆ ವಿವರಣೆಯನ್ನು ಒಪ್ಪಬೇಡಿ. ಸ್ನಾಯು ಎಷ್ಟೇ ದಪ್ಪವಿದ್ದರೂ ಮೂತ್ರಕ್ಕೆ ಆಲ್ಬುಮಿನ್ ಸುರಿಯುವುದಿಲ್ಲ.

ಐದನೆಯ ಹಂತ: ಯಕೃತ್ತು

ಬಾಯಿಯ ಮೂಲಕ ತೆಗೆದುಕೊಳ್ಳುವ ಸ್ಟಾನೊಜೊಲೋಲ್, ಮೆಥಾಂಡಿಯೆನೋನ್, ಆಕ್ಸಾಂಡ್ರೊಲೋನ್, ಆಕ್ಸಿಮೆಥೊಲೋನ್‌ಗಳು ಯಕೃತ್ತಿನಲ್ಲಿ ಬೇಗ ಒಡೆಯದಂತೆ ರಾಸಾಯನಿಕವಾಗಿ ಬದಲಾಯಿಸಿದ ಔಷಧಗಳು. ಯಕೃತ್ತಿಗೆ ಹೆಚ್ಚಿನ ತೊಂದರೆ ಕೊಡುವುದೂ ಇವೇ. ಪಿತ್ತ ಹರಿಯದೆ ನಿಂತು ಕಾಮಾಲೆ, ವಿಪರೀತ ತುರಿಕೆ ಬರುವುದು, ಯಕೃತ್ತಿನೊಳಗೆ ರಕ್ತ ತುಂಬಿದ ಕುಳಿಗಳಾಗುವುದು, ಗಡ್ಡೆಗಳು ಬೆಳೆಯುವುದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಆಕ್ಸಾಂಡ್ರೊಲೋನ್‌ನ ಅನುಮತಿಯನ್ನೇ ಹಿಂತೆಗೆದುಕೊಂಡಿತು.

ಆದರೆ ಆಲ್ಬುಮಿನ್ ಯಕೃತ್ತಿನ ಹಾನಿಯನ್ನು ತಕ್ಷಣ ಹೇಳುವುದಿಲ್ಲ. ರಕ್ತದಲ್ಲಿ ಅದರ ಅರ್ಧಾಯುಷ್ಯ ಸುಮಾರು ಮೂರು ವಾರ. ಇಂದು ಯಕೃತ್ತು ತಯಾರಿಕೆ ನಿಲ್ಲಿಸಿದರೂ ಅಂಕಿ ಇಳಿಯುವುದಕ್ಕೆ ವಾರಗಳು ಬೇಕು. ಬೇಗ ಬದಲಾಗುವುದು ರಕ್ತ ಹೆಪ್ಪುಗಟ್ಟುವ ಸಮಯ, ಅಂದರೆ ಪಿಟಿ–ಐಎನ್‌ಆರ್. ಆದ್ದರಿಂದ ಆಲ್ಬುಮಿನ್ ಇಳಿದವರು ಅದನ್ನೂ, ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವವಾದ ಜಿಜಿಟಿಯನ್ನೂ ಜೊತೆಗಿಟ್ಟು ನೋಡಬೇಕು. ಯಕೃತ್ತಿನ ಪರೀಕ್ಷೆಯಲ್ಲಿ ಅಳೆಯುವ ಎಎಸ್‌ಟಿ, ಎಎಲ್‌ಟಿ ಎಂಬ ಕಿಣ್ವಗಳು ಸ್ನಾಯುವಿನಿಂದಲೂ ಬರುತ್ತವೆ. ಹಿಂದಿನ ದಿನ ಕಾಲಿನ ವ್ಯಾಯಾಮ ಮಾಡಿದವನಲ್ಲಿ ಇವೆರಡೂ ಸ್ನಾಯುವಿನ ಕಿಣ್ವವಾದ ಸಿಕೆಯೂ ಏರಿ, ಜಿಜಿಟಿ ಸಹಜವಾಗಿದ್ದರೆ ಮೂಲ ಸ್ನಾಯುವೇ ಆಗಿರುವ ಸಂಭವ ಹೆಚ್ಚು. ಸೂಜಿ ಅಥವಾ ಬಾಟಲಿಯನ್ನು ಒಂದು ಸಲವಾದರೂ ಬೇರೆಯವರೊಂದಿಗೆ ಹಂಚಿಕೊಂಡಿದ್ದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಪರೀಕ್ಷೆ ಕಡ್ಡಾಯವೆಂದೇ ತಿಳಿಯಿರಿ. ‘ಲಿವರ್ ಗಾರ್ಡ್’ ಎಂದು ನುಂಗುವ ಟಾನಿಕ್ ಮಾತ್ರೆಗಳು ಈ ಯಾವ ಅಂಕಿಯನ್ನೂ ಸರಿಪಡಿಸುವುದಿಲ್ಲ.

ಆರನೆಯ ಹಂತ: ಉಳಿದ ಕಾರಣಗಳು

ಚುಚ್ಚುಮದ್ದು ಹಾಕಿಕೊಂಡ ಪೃಷ್ಠ ಅಥವಾ ಭುಜದಲ್ಲಿ ಕೆಂಪಗೆ, ಬಿಸಿಯಾಗಿ, ಗಟ್ಟಿಯಾದ ಗಂಟು ಇದೆಯೇ? ಕೀವು ತುಂಬಿದ್ದರೆ ದೇಹ ಉರಿಯೂತದ ಸ್ಥಿತಿಗೆ ಹೋಗಿ ಆಲ್ಬುಮಿನ್ ತಯಾರಿಕೆಯನ್ನೇ ತಗ್ಗಿಸುತ್ತದೆ. ಸಿಆರ್‌ಪಿ ಪರೀಕ್ಷೆ ಇದನ್ನು ತೋರಿಸುತ್ತದೆ. ಬಹುದಿನದ ಭೇದಿ ಇದ್ದರೆ ಕರುಳಿನ ಕಡೆ ನೋಡಬೇಕು. ಮೆಟ್ಟಿಲು ಹತ್ತುವಾಗ ಏದುಸಿರು, ಮಲಗಿದರೆ ಉಸಿರುಕಟ್ಟುವುದು ಇದ್ದರೆ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಲೇಬೇಕು, ಏಕೆಂದರೆ ದೀರ್ಘಕಾಲದ ಸ್ಟಿರಾಯ್ಡ್ ಬಳಕೆ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು. ಆಹಾರದ ಕೊರತೆ ಈ ವರ್ಗದ ಜನರಲ್ಲಿ ಪಟ್ಟಿಯ ಕಟ್ಟಕಡೆಯ ಕಾರಣ. ರಾಷ್ಟ್ರೀಯ ಪೋಷಣಾ ಸಂಸ್ಥೆ ವಯಸ್ಕರಿಗೆ ಶಿಫಾರಸು ಮಾಡಿರುವುದು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್. ಜಿಮ್‌ನವರು ಅದರ ಎರಡರಷ್ಟಕ್ಕಿಂತ ಹೆಚ್ಚು ತಿನ್ನುತ್ತಿರುತ್ತಾರೆ.

ಏಳನೆಯ ಹಂತ: ಎಲ್ಲವನ್ನೂ ಒಟ್ಟಿಗೆ ಇಟ್ಟು ಓದುವುದು

ಒಂದು ಮಾದರಿ ವರದಿಯನ್ನು ಕಲ್ಪಿಸಿಕೊಳ್ಳೋಣ. ಒಟ್ಟು ಪ್ರೋಟೀನ್ 5.2, ಆಲ್ಬುಮಿನ್ 2.5, ಗ್ಲಾಬ್ಯುಲಿನ್ 2.7. ಬಿಲಿರುಬಿನ್ 0.7, ಜಿಜಿಟಿ ಸಹಜ, ಎಎಸ್‌ಟಿ 64, ಎಎಲ್‌ಟಿ 59, ಐಎನ್‌ಆರ್ 1. ಕೊಲೆಸ್ಟರಾಲ್ 330. ಮೂತ್ರದಲ್ಲಿ ಪ್ರೋಟೀನ್ ಮೂರು ಪ್ಲಸ್, ಅಂದರೆ ಬಹಳ ಹೆಚ್ಚು. ಎಎಸ್‌ಟಿ, ಎಎಲ್‌ಟಿ ಏರಿದ್ದನ್ನು ನೋಡಿ ‘ಲಿವರ್ ಹೋಗಿದೆ’ ಎಂದು ಹೇಳುವವರು ಸಿಗುತ್ತಾರೆ. ಆದರೆ ಐಎನ್‌ಆರ್, ಬಿಲಿರುಬಿನ್, ಜಿಜಿಟಿ ಮೂರೂ ಸರಿಯಿರುವಾಗ ಯಕೃತ್ತು ಆಲ್ಬುಮಿನ್ ತಯಾರಿಸಲಾರದಷ್ಟು ಕೆಟ್ಟಿರುವುದು ಅಸಂಭವ. ಮೂತ್ರದ ಪ್ರೋಟೀನ್ ಮತ್ತು ಏರಿದ ಕೊಲೆಸ್ಟರಾಲ್ ಜೊತೆಗೂಡಿ ಮೂತ್ರಪಿಂಡವನ್ನೇ ಬೆರಳು ಮಾಡಿ ತೋರಿಸುತ್ತವೆ. ಇದೇ ವರದಿಯಲ್ಲಿ ಕ್ಯಾಲ್ಸಿಯಂ 8 ಎಂದಿದ್ದರೆ ಗಾಬರಿ ಬೇಡ: ಕ್ಯಾಲ್ಸಿಯಂನ ಒಂದು ಪಾಲು ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ, ಆಲ್ಬುಮಿನ್ 4ಕ್ಕಿಂತ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸಿ ಕೂಡಿಸಬೇಕು. ಇಲ್ಲಿ 1.5 ಕಡಿಮೆ ಇರುವುದರಿಂದ 8ಕ್ಕೆ 1.2 ಸೇರಿ 9.2 ಆಗುತ್ತದೆ, ಅದು ಸಹಜವೇ.

ಅದಕ್ಕೆ ಬದಲಾಗಿ ಆಲ್ಬುಮಿನ್ 2.7, ಗ್ಲಾಬ್ಯುಲಿನ್ 3.9, ಬಿಲಿರುಬಿನ್ 2.8, ಐಎನ್‌ಆರ್ 1.6 ಇದ್ದು ಮೂತ್ರ ಸ್ವಚ್ಛವಾಗಿದ್ದರೆ ದಾರಿ ಯಕೃತ್ತಿನ ತಜ್ಞರ ಕಡೆಗೆ.

ಎಂಟನೆಯ ಹಂತ: ವೈದ್ಯರ ಮುಂದೆ

ಕಾಮಾಲೆ, ಒಂದೇ ಕಾಲು ಊದಿ ನೋಯುವುದು, ಎದೆನೋವು, ಉಸಿರಾಟದ ತೊಂದರೆ, ಮೂತ್ರ ಬಹಳ ಕಡಿಮೆಯಾಗುವುದು ಅಥವಾ ಕೋಲಾ ಬಣ್ಣಕ್ಕೆ ತಿರುಗುವುದು, ಹಠಾತ್ತನೆ ತೀವ್ರ ಹೊಟ್ಟೆನೋವು, ಮಂಕುತನ ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಿ. ನೆಫ್ರಾಟಿಕ್ ಸ್ಥಿತಿಯಲ್ಲಿ ಹೆಪ್ಪುಗಟ್ಟುವಿಕೆಯನ್ನು ತಡೆಯುವ ಪ್ರೋಟೀನ್‌ಗಳೂ ಮೂತ್ರದಲ್ಲಿ ಹೋಗುತ್ತವೆ, ಟೆಸ್ಟೋಸ್ಟಿರೋನ್ ಕೆಂಪುರಕ್ತಕಣಗಳನ್ನು ಹೆಚ್ಚಿಸಿ ರಕ್ತವನ್ನು ಮಂದವಾಗಿಸುತ್ತದೆ. ಇವೆರಡೂ ಕೂಡಿದಾಗ ರಕ್ತನಾಳದಲ್ಲಿ ಹೆಪ್ಪು ಕಟ್ಟುವ ಅಪಾಯ ಹೆಚ್ಚುತ್ತದೆ.

ಉಳಿದವರು ಕೆಲವೇ ದಿನಗಳೊಳಗೆ ಫಿಜಿಶಿಯನ್ ಅಥವಾ ಮೂತ್ರಪಿಂಡ ತಜ್ಞರನ್ನು ಕಾಣಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ-ಯುರಾಲಜಿ ಸಂಸ್ಥೆ ಇದಕ್ಕೆಂದೇ ಇರುವಂಥದ್ದು. ಒಂದು ಹಾಳೆಯಲ್ಲಿ ಯಾವ ಔಷಧ, ಯಾವ ಪ್ರಮಾಣದಲ್ಲಿ, ಎಷ್ಟು ಕಾಲ, ಕೊನೆಯ ಸಲ ಯಾವಾಗ ಎಂಬುದನ್ನು ಬರೆದುಕೊಂಡು ಹೋಗಿ. ಗ್ರೋತ್ ಹಾರ್ಮೋನ್, ಇನ್ಸುಲಿನ್, ಮೂತ್ರವರ್ಧಕಗಳು, ಮೈಕೈ ನೋವಿಗೆಂದು ನುಂಗಿದ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು, ಬಿಪಿಗೆಂದು ತಾವೇ ತೆಗೆದುಕೊಂಡ ಟೆಲ್ಮಿಸಾರ್ಟನ್ ಇವೂ ಆ ಪಟ್ಟಿಯಲ್ಲಿರಲಿ. ಬಾಟಲಿ, ಮಾತ್ರೆಯ ಪಟ್ಟಿಗಳ ಫೋಟೊ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಕಳ್ಳದಾರಿಯಲ್ಲಿ ಬರುವ ಸರಕಿನಲ್ಲಿ ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆಯಿರುವ ಭರವಸೆಯಿಲ್ಲ. ರೋಗಿ ಹೇಳಿದ್ದನ್ನು ಗುಟ್ಟಾಗಿಡುವುದು ವೈದ್ಯರ ವೃತ್ತಿಧರ್ಮ. ಅಪ್ಪ ಜೊತೆಗಿದ್ದು ಹೇಳಲು ಸಂಕೋಚವಾದರೆ ‘ಡಾಕ್ಟ್ರೇ, ಒಂದೆರಡು ನಿಮಿಷ ನಿಮ್ಮ ಹತ್ರ ಒಬ್ಬನೇ ಮಾತಾಡಬೇಕಿತ್ತು’ ಎಂದರೆ ಸಾಕು.

ಸೋರಿಕೆ ಹೆಚ್ಚಿದ್ದರೆ ಮೂತ್ರಪಿಂಡದ ಬಯಾಪ್ಸಿಗೆ ಹೇಳಬಹುದು. ಅಲ್ಟ್ರಾಸೌಂಡ್ ನೋಡಿಕೊಂಡು, ಬೆನ್ನಿನ ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಸೂಜಿಯಿಂದ ತೆಗೆಯುವ ನೂಲೆಳೆಯಷ್ಟು ಅಂಗಾಂಶ ಅದು. ಎಫ್‌ಎಸ್‌ಜಿಎಸ್ ಆಗಲಿ, ಬೇರೆ ಕಾಯಿಲೆಯಾಗಲಿ ಗೊತ್ತಾಗುವುದು ಅದರಿಂದಲೇ. ಚಿಕಿತ್ಸೆಯಾಗಿ ಪ್ರೆಡ್ನಿಸೊಲೋನ್ ಬರೆದರೆ ಅದೂ ಜಿಮ್‌ನ ಸ್ಟಿರಾಯ್ಡೇ ಎಂದು ತಿಳಿದು ಬಿಡಬೇಡಿ. ಅದು ಬೇರೆ ಗುಂಪಿನ, ಬೇರೆ ಕೆಲಸದ ಔಷಧ.

ಒಂಬತ್ತನೆಯ ಹಂತ: ಮುಂದಿನ ವಾರಗಳು

ಕಾರಣ ತಿಳಿಯುವವರೆಗೆ ಪ್ರೋಟೀನ್ ಪುಡಿ, ಕ್ರಿಯೇಟಿನ್, ನೋವಿನ ಮಾತ್ರೆ ನಿಲ್ಲಿಸಿ. ಮೂತ್ರದಲ್ಲಿ ಸೋರಿಕೆ ಇರುವಾಗ ಹೆಚ್ಚು ಪ್ರೋಟೀನ್ ತಿಂದರೆ ರಕ್ತದ ಆಲ್ಬುಮಿನ್ ಏರುವುದಿಲ್ಲ, ಸೋರಿಕೆ ಮಾತ್ರ ಹೆಚ್ಚಬಹುದು. ಆಗ ಸಾಮಾನ್ಯವಾಗಿ ಸೂಚಿಸುವುದು ಪ್ರತಿ ಕಿಲೋಗೆ 0.8ರಿಂದ 1 ಗ್ರಾಂ, ಜೊತೆಗೆ ಉಪ್ಪಿನಲ್ಲಿ ಕಡಿತ. ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರದ ತಿನಿಸು ಮೊದಲು ಹೋಗಬೇಕು. ಆಲ್ಬುಮಿನ್ ಬಾಟಲಿ ಏರಿಸಿಕೊಂಡರೆ ಅಂಕಿ ಕೆಲವು ದಿನ ಚೆಂದ ಕಾಣುತ್ತದೆ. ತೂತು ಮುಚ್ಚದೆ ತುಂಬಿಸಿದ್ದು ನಿಲ್ಲುವುದಿಲ್ಲ, ಹಣವಂತೂ ಹೋಗುತ್ತದೆ.

ಸ್ಟಿರಾಯ್ಡ್ ನಿಲ್ಲಿಸಲೇಬೇಕು. ವೈದ್ಯರೇ ಕೊರತೆಗಾಗಿ ಟೆಸ್ಟೋಸ್ಟಿರೋನ್ ಬರೆದುಕೊಟ್ಟಿದ್ದವರು ಮಾತ್ರ ಅವರನ್ನು ಕೇಳಿಯೇ ನಿರ್ಧರಿಸಬೇಕು. ನಿಲ್ಲಿಸಿದ ಮೇಲೆ ದೇಹದ ಸ್ವಂತ ಟೆಸ್ಟೋಸ್ಟಿರೋನ್ ಮರಳಲು ತಿಂಗಳುಗಳು ಹಿಡಿಯಬಹುದು. ಆ ಅವಧಿಯಲ್ಲಿ ಸುಸ್ತು, ನಿರಾಸಕ್ತಿ, ಖಿನ್ನತೆ ಕಾಡುತ್ತವೆ, ಅನೇಕರು ಮತ್ತೆ ಸೂಜಿ ಹಿಡಿಯುವುದು ಆಗಲೇ. ಹಾರ್ಮೋನ್ ತಜ್ಞರ ನೆರವು ಪಡೆಯಿರಿ. ಮನಸ್ಸು ತೀರಾ ಕುಸಿದರೆ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಕೊಲಂಬಿಯಾದ ಆ ವರದಿಯಲ್ಲಿ ಔಷಧ ನಿಲ್ಲಿಸಿ, ತೂಕ ಇಳಿಸಿ, ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನವರ ಸೋರಿಕೆ ತಗ್ಗಿತ್ತು. ಮತ್ತೆ ಸ್ಟಿರಾಯ್ಡ್ ಆರಂಭಿಸಿದ ಒಬ್ಬನಲ್ಲಿ ಕಾಯಿಲೆ ಮರುಕಳಿಸಿತ್ತು.

ಆಲ್ಬುಮಿನ್ ನಿಧಾನವಾಗಿ ಬದಲಾಗುವುದರಿಂದ ವಾರಕ್ಕೊಮ್ಮೆ ಅದನ್ನು ಪರೀಕ್ಷಿಸಿ ಕೊರಗುವುದರಲ್ಲಿ ಪ್ರಯೋಜನವಿಲ್ಲ. ವೈದ್ಯರು ಬೇರೆ ಹೇಳದಿದ್ದರೆ ನಾಲ್ಕರಿಂದ ಆರು ವಾರಗಳ ಅಂತರ ಸರಿ. ಮೂತ್ರದ ಅನುಪಾತ, ರಕ್ತದೊತ್ತಡ ಮತ್ತು ಬೆಳಗಿನ ತೂಕವನ್ನು ಅದಕ್ಕಿಂತ ಮುಂಚೆಯೇ ಗಮನಿಸತೊಡಗಿ, ದಿನಾಂಕದೊಂದಿಗೆ ಒಂದೇ ಪುಸ್ತಕದಲ್ಲಿ ಬರೆದಿಡಿ. ಆಲ್ಬುಮಿನ್ ಸಹಜ ಮಿತಿಗೆ ಬಂದ ಮೇಲೂ ಮೂತ್ರಪರೀಕ್ಷೆಯನ್ನು ವೈದ್ಯರು ಸಾಕೆನ್ನುವವರೆಗೆ ಮುಂದುವರಿಸಿ, ಏಕೆಂದರೆ ಮೊದಲು ಕೆಟ್ಟದ್ದೂ ಮತ್ತೆ ಕೆಟ್ಟರೆ ಮೊದಲು ತೋರಿಸುವುದೂ ಅದೇ.